ವಂಶಲಿಪಿಯನ್ನು ಓದುವವರ ಧರ್ಮ

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದು ವಿಶೇಷವುಂಟು. ಅಲ್ಲಿ ಒಂದೇ ಶಿಲೆಯಲ್ಲಿ ಎರಡು ಮೂರ್ತಿಗಳಿವೆ. ಮುಂದೆ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನು. ಅದೇ ಶಿಲೆಯ ಹಿಂಬದಿಯಲ್ಲಿ ಪಶ್ಚಿಮಾಭಿಮುಖನಾಗಿ ನರಸಿಂಹನು. ಎದುರಿಗೆ ಕೈಮುಗಿದು ನಿಂತ ಯಾತ್ರಿಕನಿಗೆ ಹಿಂದಿನ ಮೂರ್ತಿ ಕಾಣುವಂತಿಲ್ಲ. ಆದುದರಿಂದ ಹಿಂಗಡೆ ಒಂದು ಕನ್ನಡಿಯನ್ನು ಇಟ್ಟಿದ್ದಾರೆ. ಕಣ್ಣು ನೇರವಾಗಿ ಹೋಗಿ ಮುಟ್ಟಲಾರದುದನ್ನು ಆ ಕನ್ನಡಿಯು ತಂದು ತೋರಿಸುತ್ತದೆ. ಕನ್ನಡಿ ಇಲ್ಲದ ಕಾಲದಲ್ಲಿಯೂ ನರಸಿಂಹನು ಅಲ್ಲಿಯೇ ಇದ್ದನು, ಕಾಣುತ್ತಿರಲಿಲ್ಲ, ಅಷ್ಟೆ.

ಈ ಕ್ಷೇತ್ರಕ್ಕೆ ಬರುವ ಜನರಲ್ಲಿ ಎರಡು ವಿಧದವರನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಮೊದಲನೆಯವರು ಸಂತಾನಾಪೇಕ್ಷೆಯಿಂದ ಬಂದು ನಾಗರಕಲ್ಲನ್ನು ಪ್ರತಿಷ್ಠೆ ಮಾಡಿಸುವ ದಂಪತಿಗಳು. ದೇವಾಲಯದ ಹೊರಗೆ ಸಾಲುಸಾಲಾಗಿ ನಿಂತಿರುವ ಆ ಕಲ್ಲುಗಳಲ್ಲಿ ಒಂದೊಂದೂ ಒಂದು ಮನೆಯ ಆಸೆ, ಒಂದು ಮನೆಯ ಅಳುಕು. ಎರಡನೆಯವರು ರಥೋತ್ಸವದ ಸುಮಾರಿಗೆ ಕೂಡುವ ದನಗಳ ಜಾತ್ರೆಗೆ ಬರುವ ರೈತರು. ಅವರು ಹಳ್ಳಿಕಾರ್ ಹೋರಿಗಳ ಬಾಯಿ ಬಿಡಿಸಿ ಹಲ್ಲು ನೋಡುವರು, ಮೈಮೇಲಿನ ಸುಳಿ ನೋಡುವರು, ತಾಯಿಹಸು ಎಂಥದು, ತಂದೆಹೋರಿ ಯಾರ ಮನೆಯದು ಎಂದು ಕೇಳುವರು. ವ್ಯಾಪಾರದ ಮಾತನ್ನು ಬಾಯಿಯಿಂದ ಆಡರು. ವಸ್ತ್ರದ ಮರೆಯಲ್ಲಿ ಒಬ್ಬನ ಬೆರಳನ್ನು ಇನ್ನೊಬ್ಬನು ಹಿಡಿದು ಬೆಲೆಯನ್ನು ತಿಳಿಸುವನು. ನಾಗರಕಲ್ಲಿನ ಮುಂದೆ ನಿಂತವರೂ ಜಾತ್ರೆಯಲ್ಲಿ ನಿಂತವರೂ ವಿಚಾರಿಸುತ್ತಿರುವುದು ಒಂದೇ ವಿಷಯವನ್ನು: ಹಿಂದಿನವರಿಂದ ಮುಂದಿನವರಿಗೆ ಏನು ಬರುತ್ತದೆ? ಇದು ಮನುಷ್ಯನ ಅತಿ ಹಳೆಯ ಪ್ರಶ್ನೆಗಳಲ್ಲಿ ಒಂದು.

ಬೆಂಗಳೂರಿನಿಂದ ಘಾಟಿಗೆ ಹೊರಟ ಯಾತ್ರಿಕನು ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವಾಗ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವು ಸಿಕ್ಕುತ್ತದೆ. ಅದರೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅದರ ಜೊತೆಯಲ್ಲಿಯೇ 2009ರಲ್ಲಿ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಹುಟ್ಟಿದ, ಸಿ-ಕ್ಯಾಂಪ್ ಎಂದು ಕರೆಯಲ್ಪಡುವ ಸಂಸ್ಥೆಯೂ ಇದೆ. ಯಾತ್ರಿಕನು ಬಸ್ಸಿನ ಕಿಟಕಿಯಿಂದ ಆ ಮರಗಳ ಸಾಲನ್ನು ನೋಡುತ್ತ ಹೋಗಿಬಿಡುವನು. ತಾನು ಘಾಟಿಯಲ್ಲಿ ದೇವರ ಮುಂದೆ ಇಡಲಿರುವ ಪ್ರಶ್ನೆಯ ಒಂದು ತುಣುಕಿಗೆ ಆ ಮರಗಳ ಹಿಂದೆ ಯಂತ್ರಗಳು ಉತ್ತರವನ್ನು ಹುಡುಕುತ್ತಿವೆಯೆಂದು ಅವನಿಗೆ ತೋರುವುದಿಲ್ಲ. ಆ ಹುಡುಕಾಟದ ಸ್ವರೂಪವೇನು, ಅದನ್ನು ನಡಸುವವರನ್ನು ಕಟ್ಟುವ ಧರ್ಮ ಯಾವುದು ಎಂಬುದನ್ನು ವಾಚಕರೊಡನೆ ಕೂಡಿ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಪ್ರತಿಯೊಂದು ಪ್ರಾಣಿಯ ಜೀವಕೋಶದಲ್ಲಿಯೂ ಅತಿ ಸೂಕ್ಷ್ಮವಾದ ಒಂದು ನೂಲು ಇದೆ. ಅದರಲ್ಲಿ ನಾಲ್ಕೇ ನಾಲ್ಕು ಅಕ್ಷರಗಳ ಲಿಪಿ. ಮನುಷ್ಯನಲ್ಲಿ ಆ ಅಕ್ಷರಗಳ ಸಂಖ್ಯೆ ಸುಮಾರು 300 ಕೋಟಿ; ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಇದನ್ನೇ ಜೀನೋಮ್ ಎಂದು ಕರೆಯುವುದು. ನಾನು ಇಲ್ಲಿ ವಂಶಲಿಪಿ ಎಂದು ಕರೆಯುತ್ತೇನೆ. ಈ ನೂಲಿನ ರೂಪವು 1953ರಲ್ಲಿ ತಿಳಿಯಿತು. ಅದನ್ನು ಓದುವ ಒಂದು ಒಳ್ಳೆಯ ಉಪಾಯವನ್ನು ಸ್ಯಾಂಗರ್ ಎಂಬ ಆಂಗ್ಲ ವಿಜ್ಞಾನಿಯು 1977ರಲ್ಲಿ ತೋರಿಸಿದನು. ಮನುಷ್ಯನ ವಂಶಲಿಪಿಯನ್ನು ಆದ್ಯಂತವಾಗಿ ಓದುವ ಮಹೋದ್ಯಮವು 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು. ಉಳಿದಿದ್ದ ತೊಡಕಿನ ಭಾಗಗಳು 2022ರಲ್ಲಿ ಪೂರ್ಣವಾದುವು. ಅಂದು ಹದಿಮೂರು ವರ್ಷ ಹಿಡಿದ, ಸುಮಾರು 300 ಕೋಟಿ ಡಾಲರುಗಳು ಬೇಕಾದ ಕೆಲಸವು ಇಂದು ಸಾವಿರ ಡಾಲರುಗಳೊಳಗೆ ಕೆಲವೇ ದಿನಗಳಲ್ಲಿ ಆಗುತ್ತದೆ.

ಓದುವ ಕ್ರಮವನ್ನು ಹೀಗೆ ಊಹಿಸಬಹುದು. ಒಂದು ಮಹಾಕಾವ್ಯದ ಮೂವತ್ತು ಪ್ರತಿಗಳನ್ನು ತಂದು, ಒಂದೊಂದು ತುಂಡಿನಲ್ಲಿ ನೂರೈವತ್ತು ಅಕ್ಷರಗಳಷ್ಟು ಉಳಿಯುವಂತೆ ಎಲ್ಲವನ್ನೂ ಹರಿದು ಒಂದೇ ರಾಶಿಮಾಡುವುದು. ಆಮೇಲೆ ಒಂದರ ತುದಿ ಇನ್ನೊಂದರ ನಡುವೆ ಹೊಂದುವುದನ್ನು ನೋಡಿ, ಮೊದಲೇ ಸಿದ್ಧವಾಗಿರುವ ಒಂದು ಮಾತೃಪ್ರತಿಯೊಡನೆ ಹೋಲಿಸಿ ಕಾವ್ಯವನ್ನು ಮರಳಿ ಜೋಡಿಸುವುದು. ಒಂದೊಂದು ಅಕ್ಷರವೂ ಮೂವತ್ತು ಸಲ ಓದಲ್ಪಡುವುದರಿಂದ ಒಂದೆರಡು ಕಡೆಯ ತಪ್ಪನ್ನು ಉಳಿದವು ತಿದ್ದುತ್ತವೆ. ಇಬ್ಬರು ಮನುಷ್ಯರ ಲಿಪಿಗಳನ್ನು ಎದುರುಬದುರಾಗಿ ಇಟ್ಟರೆ ಸಾವಿರ ಅಕ್ಷರಕ್ಕೆ ಒಂದರಷ್ಟು ಮಾತ್ರ ವ್ಯತ್ಯಾಸ ತೋರುತ್ತದೆ. ನಾವು ಕುಲವೆಂದೂ ಬಣ್ಣವೆಂದೂ ದೇಶವೆಂದೂ ಹೊಡೆದಾಡುವುದೆಲ್ಲ ಆ ಸಾವಿರದಲ್ಲೊಂದರ ಒಳಗೆಯೇ.

ಆದರೆ ಈ ಯಂತ್ರಗಳು ಬಹಳ ಬೆಲೆಯುಳ್ಳವು. ಅವನ್ನು ನಡಸುವ ಕೌಶಲವೂ ಬೇರೆಯೇ ಒಂದು ವಿದ್ಯೆ. ಮಧುಮೇಹವನ್ನೋ ಅರ್ಬುದರೋಗವನ್ನೋ ಕುರಿತು ಸಂಶೋಧನೆ ಮಾಡುವ ವೈದ್ಯನು ಅವನ್ನೆಲ್ಲ ತಾನೇ ಹೊಂದಿರಲಾರನು. ಆದುದರಿಂದ ಅವನು ರೋಗಿಗಳಿಂದ ಪಡೆದ ರಕ್ತವನ್ನು ಇಂಥ ಕೆಲಸಕ್ಕೆಂದೇ ಏರ್ಪಟ್ಟ ಶಾಲೆಗಳಿಗೆ ಕಳುಹಿಸುವನು. ಅವರು ಓದಿ, ಅಕ್ಷರಗಳ ರಾಶಿಯನ್ನು ಅವನಿಗೆ ಒಪ್ಪಿಸುವರು. ಸರ್ಕಾರದ ಆಶ್ರಯದಲ್ಲಿರುವ ಶಾಲೆಗಳೂ ಖಾಸಗಿ ಕಂಪೆನಿಗಳೂ ಬೆಂಗಳೂರಿನಲ್ಲಿ ಈ ಕೆಲಸವನ್ನು ಮಾಡುತ್ತಿವೆ. ಹಿಂದೆ ನಮ್ಮ ಮಠಗಳಲ್ಲಿಯೂ ಅಗ್ರಹಾರಗಳಲ್ಲಿಯೂ ಲಿಪಿಕಾರರು ಇರುತ್ತಿದ್ದರು. ಕಾವ್ಯ ಕವಿಯದು, ಅದನ್ನು ಬರೆಯಿಸುವವನು ಒಬ್ಬ ಶ್ರೀಮಂತ, ಓಲೆಯ ಮೇಲೆ ಕಂಠವನ್ನು ಹಿಡಿದು ಪ್ರತಿಮಾಡುವವನು ಲಿಪಿಕಾರ. ಈ ಕಾಲದ ಓದುಶಾಲೆಯೂ ಅಂಥದೇ. ಇಲ್ಲಿಯೂ ಮೂವರಿದ್ದಾರೆ: ರಕ್ತವನ್ನು ಕೊಟ್ಟವನು, ಕೇಳಿ ಪಡೆದವನು, ಓದಿಕೊಟ್ಟವನು.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೊಟ್ಟವನನ್ನು ಓದಿದವನು ಎಂದೂ ನೋಡುವುದಿಲ್ಲ. ಅವನ ಕೈಗೆ ಬರುವುದು ಒಂದು ಸಣ್ಣ ನಳಿಕೆ. ಅದರ ಮೇಲೆ ಒಂದು ಅಂಕಿ. ಹೀಗಿರಲು ಆ ಮುಖವಿಲ್ಲದ ಮನುಷ್ಯನಿಗೂ ಅವನಿಗೂ ಯಾವ ಸಂಬಂಧ? ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡಿ ಕೂಲಿ ಪಡೆದರೆ ಅವನ ಋಣವು ತೀರಿತೆ? ಅಥವಾ ಆ ನಳಿಕೆಯ ಹಿಂದೆ ಇನ್ನೂ ಏನಾದರೂ ಉಳಿಯುತ್ತದೆಯೆ?

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ನಮ್ಮ ಸುತ್ತಮುತ್ತಲಿನ ಹಳ್ಳಿಗಳಿಗೆ ಇದು ಆಗಲೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಾಲ್ವತ್ತೈದು ವಯಸ್ಸನ್ನು ದಾಟಿದ ಗ್ರಾಮವಾಸಿಗಳನ್ನು ಬಹುವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ, ಮುಪ್ಪಿನಲ್ಲಿ ನೆನಪು ಹೇಗೆ ಕುಂದುತ್ತದೆಂಬುದನ್ನು ಅರಿಯಲು ತೊಡಗಿದೆ. ಅದೇ ಕೇಂದ್ರವು ಮುಂದಾಳಾಗಿ ದೇಶದ 20 ಸಂಸ್ಥೆಗಳು 2020ರಲ್ಲಿ ಜೀನೋಮ್ ಇಂಡಿಯಾ ಎಂಬ ಉದ್ಯಮವನ್ನು ಆರಂಭಿಸಿದುವು. ನಾನಾ ಭಾಷೆಗಳ, ನಾನಾ ಕುಲಗಳ 10,000 ಮಂದಿ ಭಾರತೀಯರ ವಂಶಲಿಪಿಗಳನ್ನು ಓದಿದ ಕೆಲಸವು 2024ರಲ್ಲಿ ಮುಗಿದಿತೆಂದು ಪ್ರಕಟವಾಯಿತು. ಆ ಲಿಪಿಗಳನ್ನು ಫರೀದಾಬಾದಿನ ಭಾಂಡಾರದಲ್ಲಿ ಇಟ್ಟು, 2025ರ ಜನವರಿಯಲ್ಲಿ ಸಂಶೋಧಕರ ಉಪಯೋಗಕ್ಕೆ ತೆರೆದರು. ಲೋಕದಲ್ಲಿ ಅದುವರೆಗೆ ಓದಲ್ಪಟ್ಟಿದ್ದ ಲಿಪಿಗಳಲ್ಲಿ ಬಹುಪಾಲು ಯೂರೋಪಿನ ಮೂಲದವರವು. ಅವರ ಮಾತೃಪ್ರತಿಯನ್ನು ಹಿಡಿದು ನಮ್ಮ ಮಕ್ಕಳ ರೋಗವನ್ನು ತಿಳಿಯಲು ಹೊರಟರೆ ಪರದೇಶದ ನಿಘಂಟಿನಿಂದ ಮನೆಮಾತಿಗೆ ಅರ್ಥವನ್ನು ಹುಡುಕಿದಂತಾಗುತ್ತದೆ.

ಈ ಓದಿನಿಂದ ಬಂದ ಉಪಕಾರವೂ ಅಲ್ಪವಲ್ಲ. ಹೃದಯದ ಮಾಂಸಖಂಡಕ್ಕೆ ಸೇರಿದ ಒಂದು ಜೀನಿನಲ್ಲಿ 25 ಅಕ್ಷರಗಳು ಕಳೆದುಹೋಗಿರುವ ಒಂದು ದೋಷವು ಭರತಖಂಡದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇರುವುದೆಂದೂ, ಅಂಥವರಿಗೆ ನಡುವಯಸ್ಸಿನ ತರುವಾಯ ಹೃದಯವು ದುರ್ಬಲವಾಗುವ ಭಯ ಹೆಚ್ಚೆಂದೂ 2009ರಲ್ಲಿ ತಿಳಿಯಿತು. ದಕ್ಷಿಣದ ಒಂದು ಸಮುದಾಯದಲ್ಲಿ ಕೆಲವರಿಗೆ, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವು ದೇಹದಲ್ಲಿ ಬೇಗ ಕರಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮರಳಬೇಕಾದ ಉಸಿರು ಗಂಟೆಗಳವರೆಗೆ ಮರಳುವುದಿಲ್ಲ. ಇದು ಮೊದಲೇ ತಿಳಿದಿದ್ದರೆ ವೈದ್ಯನು ಬೇರೊಂದು ಔಷಧವನ್ನು ಕೊಟ್ಟು ಪ್ರಾಣವನ್ನು ಉಳಿಸಬಲ್ಲನು. ಇಂಥ ವಿದ್ಯೆಯನ್ನು ಬೇಡವೆನ್ನುವುದು ವಿವೇಕವೆನಿಸಲಾರದು.

ಉಪಕಾರವಿದ್ದಲ್ಲಿ ಭಾರವೂ ಉಂಟು. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಎಂಬ ಹಳ್ಳಿಯಲ್ಲಿ, ಸೊಂಟದ ಮತ್ತು ಮಂಡಿಯ ಕೀಲುಗಳು ಸವೆದು ಮನುಷ್ಯನು ನಡೆಯಲಾರದೆ ಕುಗ್ಗಿಹೋಗುವ ಒಂದು ರೋಗವು 1970ರ ದಶಕದ ನಡುವಿನಲ್ಲಿ ವೈದ್ಯರ ಕಣ್ಣಿಗೆ ಬಿದ್ದಿತು. ಮೊದಲು ಆಹಾರದಲ್ಲಿಯೋ ಗದ್ದೆಗಳಿಗೆ ಹಾಕಿದ ಔಷಧಿಗಳಲ್ಲಿಯೋ ಕಾರಣವಿರಬಹುದೆಂದು ಶಂಕಿಸಿದರು. ಆಮೇಲೆ ಅದು ವಂಶಾನುಗತವಾದುದೆಂದು ಗೊತ್ತಾಯಿತು. ವೈದ್ಯತಂಡಗಳು ಹೋದುವು, ಪರೀಕ್ಷಿಸಿದುವು, ಬರೆದುವು. ರೋಗವನ್ನು ಬೇರುಸಹಿತ ಗುಣಪಡಿಸುವ ಔಷಧವು ಮಾತ್ರ ಇನ್ನೂ ದೊರೆತಿಲ್ಲ. ಇಷ್ಟರಲ್ಲಿ ಆ ಊರಿನ ಹೆಸರೇ ರೋಗದ ಹೆಸರಾಗಿ ನಿಂತುಹೋಯಿತು. ತನ್ನ ಊರು ಯಾವುದೆಂದು ಹೇಳಿದೊಡನೆ ಎದುರಿಗಿರುವವನು ತನ್ನ ಕಾಲುಗಳ ಕಡೆಗೆ ನೋಡುವಂತಾದರೆ ಆ ಮನುಷ್ಯನ ಮನಸ್ಸಿಗೆ ಹೇಗಾಗಬೇಡ? ಹೆಸರಿಟ್ಟವರು ಕೇಡನ್ನು ಬಯಸಿದವರಲ್ಲ, ಗುರುತಿಗಾಗಿ ಇಟ್ಟರು. ಆದರೆ ಕೊಟ್ಟವನ ಮುಖವನ್ನು ಮರೆತ ವಿದ್ಯೆಯು ಕೇಡನ್ನು ಬಯಸದೆಯೂ ಕೇಡು ಮಾಡಬಲ್ಲುದು.

ಈಗ ಮೂಲಪ್ರಶ್ನೆಗೆ ಬರೋಣ. ಇದರಲ್ಲಿ ಎರಡು ಪಕ್ಷಗಳು ಕೇಳಬರುತ್ತವೆ.

ಒಂದನೆಯ ಪಕ್ಷದವರು ಹೇಳುವುದು ಹೀಗೆ: “ರಕ್ತವನ್ನು ಅವನು ಸಂತೋಷದಿಂದ ಕೊಟ್ಟನು, ಕಾಗದದ ಮೇಲೆ ರುಜುವನ್ನೂ ಹಾಕಿದನು. ಗೋದಾನ ಮಾಡಿದವನು ಆ ಹಸುವಿನ ಹಾಲಿನ ಲೆಕ್ಕವನ್ನು ಕೇಳುವನೆ? ಕೊಟ್ಟಮೇಲೆ ಅದು ಪಡೆದವನದು.” ಈ ಮಾತು ಕೇಳಲು ಸರಿಯಾಗಿದೆ. ಆದರೆ ಹಸುವನ್ನು ಕೊಟ್ಟವನ ಕೊಟ್ಟಿಗೆಯಲ್ಲಿ ಹಸು ಉಳಿಯುವುದಿಲ್ಲ. ವಂಶಲಿಪಿಯಾದರೋ ಕೊಟ್ಟಮೇಲೂ ಕೊಟ್ಟವನ ಮೈಯಲ್ಲಿಯೇ ಇರುತ್ತದೆ. ಅವನ ಅಣ್ಣತಮ್ಮಂದಿರಲ್ಲಿ ಅರ್ಧದಷ್ಟು ಇರುತ್ತದೆ. ಇನ್ನೂ ಹುಟ್ಟದಿರುವ ಮೊಮ್ಮಕ್ಕಳಲ್ಲಿಯೂ ಇರುವುದು. ಹೀಗೆ ತನ್ನಲ್ಲಿಯೇ ಉಳಿದಿರುವುದನ್ನೂ, ತನ್ನೊಬ್ಬನದಲ್ಲದುದನ್ನೂ ದಾನವೆಂದು ಹೇಗೆ ಕರೆಯುವುದು? ಅಮೆರಿಕೆಯ ಹವಾಸುಪಾಯಿ ಎಂಬ ಮೂಲನಿವಾಸಿಗಳು ತಮ್ಮಲ್ಲಿ ಹೆಚ್ಚಾಗಿದ್ದ ಮಧುಮೇಹಕ್ಕೆ ಪರಿಹಾರ ದೊರೆತೀತೆಂದು 1990ರಿಂದ ರಕ್ತವನ್ನು ಕೊಟ್ಟರು. ಅದನ್ನೇ ಮುಂದೆ ಚಿತ್ತವಿಕಾರಗಳ ಮತ್ತು ಅವರ ಪೂರ್ವಿಕರ ವಲಸೆಯ ಸಂಶೋಧನೆಗೂ ಉಪಯೋಗಿಸಿದರೆಂದು ತಿಳಿದಾಗ ಅವರು ನೊಂದುಕೊಂಡರು. ತಮ್ಮ ಕುಲದ ಹುಟ್ಟಿನ ಕಥೆಯನ್ನೇ ಸುಳ್ಳುಮಾಡುವ ಕೆಲಸಕ್ಕೆ ತಮ್ಮ ರಕ್ತವೇ ಸಾಕ್ಷಿಯಾಯಿತೆಂಬುದು ಅವರ ದುಃಖ. 2010ರಲ್ಲಿ ಆ ವಿಶ್ವವಿದ್ಯಾಲಯವು ಪರಿಹಾರದ ಹಣವನ್ನು ಕೊಟ್ಟು ಉಳಿದ ರಕ್ತವನ್ನು ಹಿಂದಿರುಗಿಸಿತು. ಅವರು ರುಜು ಹಾಕಿದ್ದುದು ನಿಜ; ಆದರೆ ಬರೆದಿದ್ದುದಕ್ಕಿಂತ ಹೆಚ್ಚಾಗಿ ಅವರು ನಂಬಿದ್ದುದು ಕೇಳಿದವನ ಬಾಯಿಮಾತನ್ನು.

ಎರಡನೆಯ ಪಕ್ಷದವರು ಇದಕ್ಕೆ ವಿರುದ್ಧ: “ನನ್ನ ಲಿಪಿ ನನ್ನದು. ಅದನ್ನು ಯಾರೂ ಮುಟ್ಟಕೂಡದು.” ಇದೂ ಒಪ್ಪತಕ್ಕುದಲ್ಲ. ನನ್ನ ಲಿಪಿಯಲ್ಲಿ ನಾನು ಬರೆದುದು ಯಾವುದು? ಎಲ್ಲವೂ ಸಾವಿರಾರು ತಲೆಗಳಿಂದ ಇಳಿದುಬಂದುದು. ನಾನು ಅದರ ಕರ್ತೃವಲ್ಲ, ಅಲ್ಪಕಾಲದ ಪಾಲುಗಾರ. ಅಲ್ಲದೆ ಒಂಟಿಯಾದ ಒಂದು ಲಿಪಿಗೆ ಅರ್ಥವೇ ಇಲ್ಲ. ಹತ್ತು ಸಾವಿರ ಮಂದಿಯ ಲಿಪಿಗಳ ಪಕ್ಕದಲ್ಲಿ ಇಟ್ಟಾಗ ಮಾತ್ರ ನನ್ನಲ್ಲಿ ಕಾಣುವ ಒಂದು ವ್ಯತ್ಯಾಸವು ದೋಷವೋ ಅಲ್ಲವೋ ಎಂಬುದು ತಿಳಿಯುವುದು. ಇತರರು ಕೊಟ್ಟುದರಿಂದ ಬಂದ ಔಷಧವನ್ನು ಕುಡಿಯುತ್ತ, ನಾನು ಮಾತ್ರ ಕೊಡಲಾರೆನೆಂಬುವನು ಊರಿನ ಕೆರೆಯ ನೀರನ್ನು ಬಳಸಿ, ಹೂಳು ತೆಗೆಯುವ ದಿನ ಬಾಗಿಲು ಹಾಕಿಕೊಳ್ಳುವವನಂತೆ. ಮನುಷ್ಯನು ಋಣಗಳನ್ನು ಹೊತ್ತೇ ಹುಟ್ಟುವನೆಂದು ನಮ್ಮ ಹಿರಿಯರು ಹೇಳಿದುದರಲ್ಲಿ ಈ ಋಣವೂ ಸೇರಿರಬೇಕು.

ಹಾಗಾದರೆ ಇದು ದಾನವೂ ಅಲ್ಲ, ಕೇವಲ ಸ್ವತ್ತೂ ಅಲ್ಲ. ಮತ್ತೇನು? ನನಗೆ ತೋರುವಮಟ್ಟಿಗೆ ಇದು ನ್ಯಾಸ. ಎಂದರೆ ನಂಬಿ ಒಪ್ಪಿಸಿದ ಇಡುಗಂಟು. ದೂರದೇಶಕ್ಕೆ ಹೊರಟವನು ನೆರೆಯವನಲ್ಲಿ ಒಂದು ಗಂಟನ್ನು ಇಟ್ಟುಹೋದರೆ ನೆರೆಯವನು ಅದನ್ನು ಕಾಪಾಡಬೇಕು. ಒಪ್ಪಿಗೆಯಾದ ಕಾರ್ಯಕ್ಕೆ ಮಾತ್ರ ಬಳಸಬೇಕು. ಒಡೆಯನ ಮನೆಯವರಿಗೆ ಅದರಿಂದ ಕೇಡಾಗದಂತೆ ನೋಡಿಕೊಳ್ಳಬೇಕು. ಅವನು ಅದರ ಮಾಲಿಕನೂ ಅಲ್ಲ, ಕೂಲಿಯವನೂ ಅಲ್ಲ. ಕೇಳಿ ಪಡೆದ ಸಂಶೋಧಕನು ಈ ಬಗೆಯ ನ್ಯಾಸಧಾರಿಯೆಂಬುದನ್ನು ಬಹುಮಂದಿ ಒಪ್ಪುವರು. ಓದಿಕೊಡುವವನೂ ನ್ಯಾಸಧಾರಿಯೆ ಎಂಬುದೇ ತೊಡಕಿನ ವಿಷಯ.

ಓದಿಕೊಡುವವನು ಹೇಳಬಹುದು: “ನನಗೆ ಹೆಸರು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಗೊತ್ತಿಲ್ಲದಿರುವುದೇ ನನ್ನ ಶುದ್ಧಿ.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಸರನ್ನು ಅಳಿಸಿ ಅಂಕಿಯನ್ನು ಬರೆದುದು ಕೊಟ್ಟವನ ರಕ್ಷಣೆಗಾಗಿಯೇ. ಎತ್ತಿನ ಬೆಲೆಯನ್ನು ಕೂಡ ವಸ್ತ್ರದ ಮರೆಯಲ್ಲಿ ಹೇಳುವ ನಮ್ಮ ರೈತನಿಗೆ ಆ ಮರೆಯ ಬೆಲೆ ಚೆನ್ನಾಗಿ ಗೊತ್ತು. ಆದರೆ ಇಲ್ಲಿ ವಸ್ತ್ರವು ತೆಳುವಾಗಿದೆ. ಅವಳಿಮಕ್ಕಳನ್ನು ಬಿಟ್ಟರೆ ಲೋಕದಲ್ಲಿ ಇಬ್ಬರ ಲಿಪಿ ಒಂದೇ ಆಗಿರುವುದಿಲ್ಲವಾದುದರಿಂದ, ಲಿಪಿಯೇ ಒಂದು ಹೆಸರು. ಹೆಸರಿಲ್ಲದೆ ಪ್ರಕಟವಾಗಿದ್ದ ಕೆಲವು ಲಿಪಿಗಳ ಒಡೆಯರ ಮನೆತನದ ಹೆಸರನ್ನು ಸಾರ್ವಜನಿಕವಾದ ವಂಶಾವಳಿಗಳ ಸಹಾಯದಿಂದ ಕಂಡುಹಿಡಿಯಬಹುದೆಂದು 2013ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿಕೊಟ್ಟರು. 2018ರಲ್ಲಿ ಕ್ಯಾಲಿಫೋರ್ನಿಯದ ಆರಕ್ಷಕರು ಹಲವು ದಶಕಗಳಿಂದ ಸಿಕ್ಕದಿದ್ದ ಒಬ್ಬ ಕೊಲೆಗಾರನನ್ನು ಹಿಡಿದರು. ವಂಶಾವಳಿಯನ್ನು ತಿಳಿಯುವ ಕುತೂಹಲದಿಂದ ಅವನ ದೂರದ ಬಂಧುಗಳು ಒಪ್ಪಿಸಿದ್ದ ಲಿಪಿಗಳೇ ಅವನ ಜಾಡನ್ನು ತೋರಿಸಿದುವು. ಕೊಲೆಗಾರನು ಸಿಕ್ಕಿದುದು ನ್ಯಾಯವೇ. ಆದರೆ ಒಬ್ಬನು ಕೊಟ್ಟರೆ ಕೊಡದಿದ್ದವನೂ ಬಯಲಾಗುವನೆಂಬ ತತ್ತ್ವವು ಕೊಲೆಗಾರನಿಗೂ ನಿರಪರಾಧಿಗೂ ಒಂದೇ.

ಮತ್ತೊಂದು ಸಂಗತಿ. ಇಡುಗಂಟನ್ನು ಕಾಯುವ ಮನೆಯೇ ಬಿದ್ದುಹೋದರೆ? ಜನರಿಂದ ಉಗುಳನ್ನು ಪಡೆದು ಲಿಪಿಯನ್ನು ಓದಿಕೊಡುತ್ತಿದ್ದ, ಸುಮಾರು ಒಂದೂವರೆ ಕೋಟಿ ಗಿರಾಕಿಗಳಿದ್ದ ಅಮೆರಿಕೆಯ ಒಂದು ದೊಡ್ಡ ಕಂಪೆನಿಯು 2025ರ ಮಾರ್ಚಿಯಲ್ಲಿ ದಿವಾಳಿಯ ಅರ್ಜಿಯನ್ನು ಹಾಕಿತು. ಅಂಗಡಿಯೊಡನೆ ಇಡುಗಂಟುಗಳೂ ಹರಾಜಾಗುವುವೆ ಎಂದು ಜನರು ಕಳವಳಪಟ್ಟರು. ಲೇವಾದೇವಿಯ ಶಾಸ್ತ್ರದಲ್ಲಿ ಅವು ಆಸ್ತಿ. ಧರ್ಮಶಾಸ್ತ್ರದಲ್ಲಿ ಅವು ನ್ಯಾಸ. ಆದುದರಿಂದ “ನಾನು ಬರಿಯ ಲಿಪಿಕಾರ” ಎಂಬ ಸಮಾಧಾನವು ಓದಿಕೊಡುವವನಿಗೆ ಸಾಲದು. ಓಲೆಯನ್ನು ಪ್ರತಿಮಾಡಿದವನ ಬಳಿ ಓಲೆಯೊಂದು ಉಳಿಯುತ್ತಿರಲಿಲ್ಲ. ಇವನ ಬಳಿ ಉಳಿಯುತ್ತದೆ. ಉಳಿಯುವುದರಿಂದಲೇ ಇವನು ನ್ಯಾಸಧಾರಿ.

ಇನ್ನು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ: ಹುಡುಕದೆ ಇದ್ದುದು ಕಣ್ಣಿಗೆ ಬಿದ್ದರೆ ಹೇಳಬೇಕೆ? ಸಂಶೋಧಕನು ಮಧುಮೇಹಕ್ಕಾಗಿ ಕಳುಹಿಸಿದ ನಳಿಕೆಯಲ್ಲಿ ಅರ್ಬುದರೋಗದ ಭಯವನ್ನು ಸೂಚಿಸುವ ಒಂದು ದೋಷವು ಕಂಡಿತೆಂದಿಟ್ಟುಕೊಳ್ಳೋಣ. ಸುಮ್ಮನಿದ್ದರೆ ಒಬ್ಬ ತಾಯಿಯು ತಪ್ಪಿಸಬಹುದಾಗಿದ್ದ ಮೃತ್ಯುವಿಗೆ ಈಡಾಗಬಹುದು. ಹೇಳಿದರೆ, ಕೇಳದೆ ಇದ್ದವರ ಮನೆಯೊಳಕ್ಕೆ ಭಯವನ್ನು ಹೊಗಿಸಿದಂತಾಗಬಹುದು. ಹಂಟಿಂಗ್‌ಟನ್ ರೋಗವೆಂಬುದು ಒಂದುಂಟು. ತಂದೆಗೋ ತಾಯಿಗೋ ಇದ್ದರೆ ಒಂದೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅದರ ಜೀನು 1993ರಲ್ಲಿ ಸಿಕ್ಕಿತು, ಪರೀಕ್ಷೆ ಸುಲಭವಾಯಿತು. ಗುಣಪಡಿಸುವ ಔಷಧವಾದರೋ ಇಲ್ಲ. ಆ ಮನೆಗಳಲ್ಲಿ ಹುಟ್ಟಿದವರಲ್ಲಿ ಹೆಚ್ಚಿನವರು ಪರೀಕ್ಷೆಯೇ ಬೇಡವೆಂದರು. ಅವರನ್ನು ಹೇಡಿಗಳೆನ್ನಲಾದೀತೆ? ಮಾಡಲು ಏನೂ ಇಲ್ಲದ ಕಡೆ ತಿಳಿಯದೆ ಬಾಳುವುದೂ ಒಂದು ಧೈರ್ಯವೇ.

ಈ ವಿಷಯದಲ್ಲಿ ನನ್ನ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನನಗೆ ಪರಿಚಿತವಾದ ಒಂದು ಮನೆತನದಲ್ಲಿ ಮೊದಲ ಮಗು ಎರಡು ವರ್ಷ ತುಂಬುವುದರೊಳಗೆ ತೀರಿಕೊಂಡಿತು. ಆ ದಂಪತಿಗಳು ಘಾಟಿಗೆ ಬಂದು ನಾಗಪ್ರತಿಷ್ಠೆಯನ್ನು ಮಾಡಿಸಿದರು. ನಗರದಲ್ಲಿ ವೈದ್ಯರ ಸಲಹೆಯಂತೆ ರಕ್ತವನ್ನೂ ಕೊಟ್ಟರು. ಎರಡನ್ನೂ ಅವರು ಒಂದೇ ಶ್ರದ್ಧೆಯಿಂದ ಮಾಡಿದರು. ಅದರಲ್ಲಿ ನನಗೆ ವಿರೋಧವೇನೂ ಕಾಣಲಿಲ್ಲ. ಕೆಲವು ವಾರಗಳ ತರುವಾಯ ಒಂದು ಕಾಗದ ಬಂದಿತು. ಹೆಂಡತಿಯ ಲಿಪಿಯಲ್ಲಿ ಒಂದು ವ್ಯತ್ಯಾಸವಿದೆ, ಅದರ ಅರ್ಥ ನಿಶ್ಚಯವಿಲ್ಲ ಎಂದು ಅದರಲ್ಲಿತ್ತು. ಗಂಡನ ವಿಷಯದ ಕಾಗದವು ಇನ್ನೂ ಬಂದಿರಲಿಲ್ಲ. ಬಿಡಿಸಿ ಹೇಳುವವರು ಯಾರೂ ಜೊತೆಯಲ್ಲಿರಲಿಲ್ಲ. ಮನೆಯಲ್ಲಿ “ಅರ್ಥ ನಿಶ್ಚಯವಿಲ್ಲ” ಎಂಬ ಮಾತನ್ನು ಯಾರೂ ಓದಲಿಲ್ಲ. “ಹೆಂಡತಿಯಲ್ಲಿ” ಎಂಬುದನ್ನು ಎಲ್ಲರೂ ಓದಿದರು. ಅತ್ತೆ ಮಾತು ಬಿಟ್ಟರು. ಆಕೆಯ ತಂಗಿಗೆ ಗೊತ್ತಾಗಿದ್ದ ಸಂಬಂಧವು ಮುರಿದುಬಿದ್ದಿತು. ಎರಡು ತಿಂಗಳಾದ ಮೇಲೆ ಗಂಡನ ಕಾಗದವೂ ಬಂದಿತು; ಅದೇ ವ್ಯತ್ಯಾಸವು ಅವನಲ್ಲಿಯೂ ಇತ್ತು. ಇಂಥ ರೋಗಗಳಲ್ಲಿ ಇಬ್ಬರಿಂದಲೂ ಒಂದೊಂದು ದೋಷ ಕೂಡಿದಾಗ ಮಾತ್ರ ಮಗುವಿಗೆ ಕೇಡು. ಆ ಕೂಟಕ್ಕೆ ನಾಲ್ಕರಲ್ಲಿ ಒಂದು ಪಾಲು ಸಂಭವ. ಒಬ್ಬರದೇ ತಪ್ಪೆಂಬುದಕ್ಕೆ ಇಲ್ಲಿ ಎಡೆಯೇ ಇಲ್ಲ. ಆದರೆ ಆ ಎರಡು ತಿಂಗಳನ್ನು ಆ ಹೆಣ್ಣುಮಗಳಿಗೆ ಹಿಂದಿರುಗಿಸುವವರು ಯಾರು?

ಆ ಕಾಗದವನ್ನು ಕಳುಹಿಸಿದವರ ಅಕ್ಷರಗಳಲ್ಲಿ ಒಂದೂ ತಪ್ಪಿರಲಿಲ್ಲವೆಂಬುದನ್ನು ಗಮನಿಸಬೇಕು. ತಪ್ಪಿಲ್ಲದೆ ಓದುವುದು ಅವರ ಧರ್ಮದ ಮೊದಲನೆಯ ಪಾದ ಮಾತ್ರ. ಎರಡನೆಯ ಪಾದ, ತಿಳಿಯದುದನ್ನು ತಿಳಿಯದೆಂದು ಮನಸ್ಸಿಗೆ ನಾಟುವಂತೆ ಹೇಳುವುದು. ಮೂಲೆಯ ಸಣ್ಣ ಅಕ್ಷರಗಳಲ್ಲಿ ಹೇಳಿದುದು ಹೇಳಿದಂತಲ್ಲ. ಮೂರನೆಯದು, ಯಾರಿಗೆ ಹೇಳಬೇಕೋ ಅವರಿಗೆ, ಬಿಡಿಸಿ ಹೇಳಬಲ್ಲವರ ಮೂಲಕವೇ ಹೇಳುವುದು. ನಾಲ್ಕನೆಯದು, ಹೇಳಬಾರದವರಿಗೆ ಎಂದಿಗೂ ಹೇಳದಿರುವುದು. ಹುಡುಕದೆ ಕಂಡ ದೋಷದ ವಿಷಯದಲ್ಲಿಯೂ ಇದರಿಂದಲೇ ದಾರಿ ಸಿಕ್ಕುತ್ತದೆ. ರಕ್ತವನ್ನು ತೆಗೆಯುವ ಮೊದಲೇ, “ಬೇರೇನಾದರೂ ಕಂಡರೆ ತಿಳಿಸಬೇಕೆ, ಬೇಡವೆ?” ಎಂದು ಕೇಳಬೇಕು. ಕೊಟ್ಟವನು ತಿಳಿಸಿರೆಂದರೆ, ಪರಿಹಾರವಿರುವ ಕಡೆ ತಿಳಿಸಬೇಕು. ಬೇಡವೆಂದರೆ ಸುಮ್ಮನಿರಬೇಕು. ಅಂಕಿಯನ್ನು ಮಾತ್ರ ಬಲ್ಲ ಓದುಶಾಲೆಯು ತಾನೇ ಮನೆಯ ಬಾಗಿಲಿಗೆ ಹೋಗತಕ್ಕುದಲ್ಲ. ಆದರೆ ಕಂಡುದನ್ನು ಸಂಶೋಧಕನಿಗೆ ತಿಳಿಸಿ, ಕೊಟ್ಟವನ ಇಚ್ಛೆಯನ್ನು ನೆರವೇರಿಸುವ ಹೊಣೆಯನ್ನು ಅವನಿಗೆ ಜ್ಞಾಪಿಸಬಲ್ಲುದು. ಅಷ್ಟನ್ನೂ ಮಾಡದೆ ಕೂಲಿಯನ್ನು ಪಡೆದವನ ಋಣವು ತೀರಿತೆಂದು ನಾನು ಹೇಳಲಾರೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇಷ್ಟೆಲ್ಲ ಕಟ್ಟುಗಳನ್ನು ಹಾಕಿದರೆ ಸಂಶೋಧನೆಯು ನಿಧಾನವಾಗುತ್ತದೆ. ನಿಧಾನವಾದರೆ ಗುಣವಾಗಬಹುದಾಗಿದ್ದ ಮಕ್ಕಳು ಸಾಯುತ್ತವೆ. ಹಾಗೆ ಸತ್ತ ಮಕ್ಕಳ ಲೆಕ್ಕವನ್ನು ನೀತಿವಾದಿಗಳು ಕೊಡುವರೆ ಎಂದು. ಇದು ಹಗುರವಾದ ಆಕ್ಷೇಪಣೆಯಲ್ಲ. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ನಿಧಾನವನ್ನು ಬೋಧಿಸುವುದು ನನ್ನಿಂದ ಸಾಧ್ಯವಿಲ್ಲ. ಆದರೆ ಜನರು ಕೊಡುವುದು ನಂಬಿಕೆಯಿಂದ. ಒಮ್ಮೆ ನಂಬಿಕೆ ಮುರಿದರೆ ಹತ್ತು ಹಳ್ಳಿಗಳವರು ಬಾಗಿಲು ಹಾಕುವರು. ಆ ಬಾಗಿಲನ್ನು ಮತ್ತೆ ತೆರೆಯಿಸಲು ಹಿಡಿಯುವ ಕಾಲವು, ಮೊದಲೇ ಬಿಡಿಸಿ ಹೇಳಲು ಹಿಡಿಯುವ ಕಾಲಕ್ಕಿಂತ ಬಹಳ ಹೆಚ್ಚು. ಆದುದರಿಂದ ನಂಬಿಕೆಯನ್ನು ಕಾಯುವುದು ಸಂಶೋಧನೆಗೆ ಅಡ್ಡಿಯಲ್ಲ. ಅದು ಅದರ ಬೀಜಧನ.

ಕಡೆಯದಾಗಿ ದನಗಳ ಜಾತ್ರೆಯ ಕಡೆಗೆ ಮತ್ತೊಮ್ಮೆ ತಿರುಗಬೇಕು. ಹೋರಿಯ ತಳಿಯನ್ನು ವಿಚಾರಿಸುವ ರೈತನಲ್ಲಿ ತಪ್ಪೇನೂ ಇಲ್ಲ. ಹಳ್ಳಿಕಾರ್ ತಳಿಯು ಉಳಿದುಬಂದಿರುವುದೇ ಆ ವಿಚಾರಣೆಯಿಂದ. ಆದರೆ ಅದೇ ಕಣ್ಣಿನಿಂದ ಮನುಷ್ಯರನ್ನು ನೋಡಲು ತೊಡಗಿದಾಗ ಏನಾಯಿತೆಂಬುದನ್ನು ಕಳೆದ ಶತಮಾನವು ಕಂಡಿದೆ. ಅಮೆರಿಕೆಯ ಇಂಡಿಯಾನ ಸಂಸ್ಥಾನವು 1907ರಲ್ಲಿಯೂ ಜರ್ಮನಿಯು 1933ರಲ್ಲಿಯೂ, ಅಯೋಗ್ಯರೆಂದು ತಾವು ಎಣಿಸಿದವರಿಗೆ ಮಕ್ಕಳಾಗದಂತೆ ಬಲಾತ್ಕಾರವಾಗಿ ಶಸ್ತ್ರಕ್ರಿಯೆ ಮಾಡುವ ಕಾಯಿದೆಗಳನ್ನು ಮಾಡಿದುವು. ಅಂದು ವಂಶಲಿಪಿಯನ್ನು ಓದಲು ಯಾರಿಗೂ ಬರುತ್ತಿರಲಿಲ್ಲ, ಗರ್ವ ಮಾತ್ರವಿದ್ದಿತು. ನಮ್ಮಲ್ಲಿಯೂ ಗರ್ಭದೊಳಗಿನ ಶಿಶುವು ಹೆಣ್ಣೆಂದು ತಿಳಿಯುವ ಉಪಾಯ ದೊರೆತೊಡನೆ ಅದನ್ನು ಯಾವುದಕ್ಕೆ ಬಳಸಿದೆವೆಂಬುದಕ್ಕೆ, ಅದನ್ನು ತಡೆಯಲು 1994ರಲ್ಲಿ ಮಾಡಿದ ಕಾಯಿದೆಯೇ ಸಾಕ್ಷಿ. ಪ್ರತಿಯೊಬ್ಬ ಮನುಷ್ಯನ ಲಿಪಿಯಲ್ಲಿಯೂ ಕೆಲವು ದೋಷಗಳು ಅಡಗಿವೆಯೆಂದು ಇದೇ ವಿದ್ಯೆಯು ಹೇಳುತ್ತದೆ. ದೋಷವಿಲ್ಲದ ವಂಶವೆಂಬುದು ಇಲ್ಲವೇ ಇಲ್ಲ. ಸರಿಯಾಗಿ ಅರ್ಥಮಾಡಿಕೊಂಡರೆ ಇದು ನಮ್ಮನ್ನು ವಿನಯಕ್ಕೆ ಒಯ್ಯಬೇಕು. ವರಸಾಮ್ಯವನ್ನು ನೋಡುವ ಹೊಸದೊಂದು ಜಾತಕಕ್ಕೆ ಒಯ್ಯಬಾರದು.

ವಿದ್ಯೆಯು ಬಂದಿದೆ, ಅದು ಹಿಂದಿರುಗಿ ಹೋಗುವುದಿಲ್ಲ. ನಮ್ಮ ಮನೆಗಳಿಗೆ ನಾಳೆ ನಳಿಕೆಯನ್ನು ಹಿಡಿದು ಒಬ್ಬ ತರುಣನು ಬಂದರೆ ನಾವು ಅವನನ್ನು ಬಾಗಿಲಿನಿಂದಲೇ ಕಳುಹಿಸಬಾರದು. ಒಳಗೆ ಕರೆದು ಕೂರಿಸಿ ಕೇಳಬೇಕು: ಏತಕ್ಕಾಗಿ ಕೇಳುತ್ತೀರಿ? ಯಾರು ಓದುವರು? ಎಲ್ಲಿ ಇಡುವರು? ಎಷ್ಟು ಕಾಲ? ನಮ್ಮ ಮನಸ್ಸು ಬದಲಾದರೆ ಏನು ಮಾಡುವಿರಿ? ಕಂಡುದನ್ನು ಯಾರಿಗೆ ಹೇಳುವಿರಿ? ಇವಕ್ಕೆ ಅವನು ತಾಳ್ಮೆಯಿಂದ ಉತ್ತರ ಹೇಳಿದರೆ ತೋಳನ್ನು ನೀಡಬೇಕು. ಮನೆಯ ಹಿರಿಯರು ಮಾತ್ರವಲ್ಲ, ಸೊಸೆಯೂ ಮಗಳೂ ಆ ಮಾತುಕತೆಯಲ್ಲಿ ಕುಳಿತಿರಬೇಕು. ಏಕೆಂದರೆ ಲಿಪಿಯಲ್ಲಿ ಅವರ ಪಾಲೂ ಉಂಟು, ಅಪವಾದ ಬಂದರೆ ಮೊದಲು ಹೊರುವವರೂ ಅವರೇ.

ಮೇಲೆ ಹೇಳಿದ ದಂಪತಿಗಳು ಕಳೆದ ವರ್ಷ ಮತ್ತೆ ಘಾಟಿಗೆ ಬಂದಿದ್ದರು. ಈ ಸಲ ಬಿಡಿಸಿ ಹೇಳಬಲ್ಲ ಒಬ್ಬ ವೈದ್ಯರನ್ನು ಮೊದಲೇ ಕಂಡು, ಮುಂದಿನ ಮಗುವಿನ ವಿಷಯದಲ್ಲಿ ಏನು ಸಾಧ್ಯ, ಏನು ಅಸಾಧ್ಯವೆಂಬುದನ್ನು ಇಬ್ಬರೂ ಜೊತೆಯಾಗಿ ಕುಳಿತು ಕೇಳಿಕೊಂಡಿದ್ದರು. ಅತ್ತೆಯೂ ಬಂದಿದ್ದರು. ಗರ್ಭಗುಡಿಯ ಮುಂದೆ ಆಕೆ ಸೊಸೆಯ ಭುಜವನ್ನು ಹಿಡಿದು ತುಸು ಪಕ್ಕಕ್ಕೆ ಸರಿಸಿ, “ಅಲ್ಲಿ ನೋಡಮ್ಮ, ಕನ್ನಡಿಯಲ್ಲಿ, ಇಲ್ಲಿಂದ ಕಾಣುತ್ತದೆ,” ಎಂದು ತೋರಿಸುತ್ತಿದ್ದರು. ಹಿಂದಿರುವುದನ್ನು ನೋಡಬೇಕಾದರೆ ಕನ್ನಡಿ ಬೇಕು; ಎಲ್ಲಿ ನಿಂತರೆ ಕಾಣುವುದೆಂದು ಕೈಹಿಡಿದು ತೋರಿಸುವವರೂ ಬೇಕು.